ಜಾತಿಯ ಮಾತು ಬಂದಾಗ ಕ್ಲಾಸು ಯಾಕೆ ಸುಮ್ಮನಾಗುತ್ತದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷದವರಿಗೆ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ವೈವಿಧ್ಯ ಮತ್ತು ಸಾಮಾಜಿಕ ನ್ಯಾಯ ಅಂತ ಒಂದು ಘಟಕ ಇದೆ. ಜಾತಿಯ ವಿಷಯ ತೆಗೆದ ಕೂಡಲೇ ಅರ್ಧ ಕ್ಲಾಸು ತಲೆ ತಗ್ಗಿಸುತ್ತದೆ, ಇನ್ನರ್ಧ ಮೀಸಲಾತಿ ಬೇಕಾ ಬೇಡವಾ ಅಂತ ಜಗಳಕ್ಕೆ ನಿಲ್ಲುತ್ತದೆ. ಹೋದ ತಿಂಗಳು ತರಬೇತಿಯೊಂದರಲ್ಲಿ ಕಲಿತ ‘ಪ್ರಿವಿಲೇಜ್ ವಾಕ್’ ಮಾಡಿಸಿದೆ. ಒಬ್ಬ ಹುಡುಗಿ ಮಧ್ಯದಲ್ಲೇ ಅಳುತ್ತಾ ಹೊರಗೆ ಹೋದಳು. ಅಂದಿನಿಂದ ನನ್ನ ಕ್ಲಾಸಿಗೆ ಬರುತ್ತಿಲ್ಲ. ಈ ಪಾಠವನ್ನು ಹೇಗೆ ಮಾಡಬೇಕು?

ಉತ್ತರ:

ಮೇಡಂ, ಮೊದಲು ಆ ಹುಡುಗಿಯ ವಿಷಯ. ಉಳಿದದ್ದು ಆಮೇಲೆ.

ಅವಳನ್ನು ಸ್ಟಾಫ್‌ರೂಮಿಗೆ ಕರೆಸಬೇಡಿ. ಗೆಳತಿಯರ ಕೈಲಿ ಹೇಳಿ ಕಳಿಸಬೇಡಿ. ಲೈಬ್ರರಿ ಹತ್ತಿರವೋ ಬಸ್ ಸ್ಟಾಪಿನಲ್ಲೋ ಒಬ್ಬಳೇ ಸಿಕ್ಕಾಗ ಎರಡು ನಿಮಿಷ ನಿಂತು ಮಾತಾಡಿ. ಯಾಕೆ ಅತ್ತೆ ಅಂತ ಕೇಳಬೇಡಿ. “ಆ ಆಟ ಆಡಿಸಿದ್ದು ನನ್ನ ತಪ್ಪು. ನೀನು ನನಗೆ ಏನೂ ಹೇಳಬೇಕಾಗಿಲ್ಲ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ತೊಂದರೆ ಆಗದ ಹಾಗೆ ನಾನು ಮಾತಾಡ್ತೀನಿ” ಅಂತ ಹೇಳಿ ಬನ್ನಿ. ಅಷ್ಟು ಸಾಕು. ಅವಳು ತಾನಾಗಿ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ.

ಈ ಆಟ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಎಲ್ಲರೂ ಒಂದು ಸಾಲಿನಲ್ಲಿ ನಿಲ್ಲಬೇಕು. ಮೇಷ್ಟ್ರು ಪ್ರಶ್ನೆ ಓದುತ್ತಾರೆ. ನಿಮ್ಮ ತಂದೆ ತಾಯಿ ಡಿಗ್ರಿ ಓದಿದ್ದಾರಾ? ಒಂದು ಹೆಜ್ಜೆ ಮುಂದೆ. ಹಸಿದುಕೊಂಡು ಮಲಗಿದ್ದು ಉಂಟಾ? ಒಂದು ಹೆಜ್ಜೆ ಹಿಂದೆ. ಇಪ್ಪತ್ತು ಮೂವತ್ತು ಪ್ರಶ್ನೆ ಆಗುವಷ್ಟರಲ್ಲಿ ಕೆಲವರು ಬೋರ್ಡಿನ ಹತ್ತಿರ ಇರುತ್ತಾರೆ, ಕೆಲವರು ಹಿಂದಿನ ಗೋಡೆಗೆ ಒರಗಿರುತ್ತಾರೆ. ಅಮೆರಿಕದ ತರಗತಿಗಳಿಂದ ಇಲ್ಲಿಗೆ ಬಂದ ಆಟ ಇದು. ಮುಂದೆ ನಿಂತವರು ಹಿಂದೆ ತಿರುಗಿ ನೋಡಿ “ಅಯ್ಯೋ, ನಾವು ಎಷ್ಟು ಅದೃಷ್ಟವಂತರು” ಅಂದುಕೊಳ್ಳುತ್ತಾರೆ. ಹಿಂದೆ ನಿಂತವರಿಗೆ ಇದರಲ್ಲಿ ಕಲಿಯುವಂಥದ್ದು ಏನಿದೆ ಹೇಳಿ? ತಾವು ಎಲ್ಲಿ ನಿಂತಿದ್ದೇವೆ ಅನ್ನುವುದು ಅವರಿಗೆ ಒಂದನೇ ಕ್ಲಾಸಿನಿಂದ ಗೊತ್ತು. ಮುಂದಿನವರು ಪಾಠ ಕಲಿಯಲಿ ಅಂತ ಹಿಂದಿನವರನ್ನು ಗೋಡೆಗೆ ನಿಲ್ಲಿಸಿದ ಹಾಗಾಯಿತು. ಇನ್ನು ಮುಂದೆ ಇದನ್ನು ಮಾಡಿಸಬೇಡಿ.

ಇದೇ ತಪ್ಪನ್ನು ನಾನು ಬೇರೆ ರೀತಿಯಲ್ಲಿ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಕ್ಲಾಸಿನಲ್ಲಿ ಒಬ್ಬ ಹುಡುಗ ಬಹಳ ಚೆನ್ನಾಗಿ ಮಾತಾಡುತ್ತಿದ್ದ. ಅಸ್ಪೃಶ್ಯತೆಯ ಪಾಠದ ದಿನ “ನಿನ್ನ ಅನುಭವ ಹೇಳಪ್ಪ” ಅಂದೆ. ಹೇಳಿದ. ಊರಿನ ಹೋಟೆಲಿನಲ್ಲಿ ತನ್ನ ಅಪ್ಪನಿಗೆ ಚಹಾ ಕೊಡುತ್ತಿದ್ದ ಲೋಟ ಎಲ್ಲಿರುತ್ತಿತ್ತು, ಅದನ್ನು ಯಾರು ತೊಳೆಯಬೇಕಿತ್ತು, ಎಲ್ಲ ಹೇಳಿದ. ಕ್ಲಾಸು ಚಪ್ಪಾಳೆ ತಟ್ಟಿತು. ನನಗೆ ಪಾಠ ಗೆದ್ದ ಸಂತೋಷ. ವಾರದ ನಂತರ ಅವನು ಕಾರಿಡಾರಿನಲ್ಲಿ ಸಿಕ್ಕಿ, “ಸರ್, ಆವತ್ತಿನ ತನಕ ನಾನು ಅವರಿಗೆಲ್ಲ ಕಬಡ್ಡಿ ಟೀಮಿನವನಾಗಿದ್ದೆ” ಅಂದ. ಮುಂದೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಂದಿನಿಂದ ಕ್ಲಾಸಿನಲ್ಲಿ ಯಾರಿಂದಲೂ ಅನುಭವ ಕೇಳಿ ತೆಗೆಸಿಲ್ಲ.

ಮಕ್ಕಳು ಸುಮ್ಮನಿರುವುದು ಗೊತ್ತಿಲ್ಲದ್ದಕ್ಕಲ್ಲ. ನಮ್ಮ ಕಡೆ ಜಾತಿ ಗೊತ್ತಾಗಲು ಬಾಯಿಬಿಟ್ಟು ಕೇಳಬೇಕಾ? ಅಡ್ಡಹೆಸರು ಸಾಕು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಾ, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲಾ, ಬಾಡಿಗೆ ರೂಮಾ ಅನ್ನುವುದು ಸಾಕು. ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಿಸಲು ಯಾರು ಕ್ಯೂ ನಿಂತರು ಅನ್ನುವುದು ಸಾಕು. ಕಾಲೇಜು ಶುರುವಾದ ಹದಿನೈದು ದಿನಕ್ಕೆ ಎಲ್ಲರಿಗೂ ಎಲ್ಲರದ್ದೂ ಗೊತ್ತಿರುತ್ತದೆ. ಹಾಗಾಗಿ “ಅರಿವು ಮೂಡಿಸುವುದು” ನಿಮ್ಮ ಮೊದಲ ಕೆಲಸ ಅಲ್ಲ. ಗೊತ್ತಿರುವುದನ್ನು ಯಾರ ಮಾನವೂ ಹೋಗದ ಹಾಗೆ ಮೇಜಿನ ಮೇಲೆ ಇಟ್ಟು ನೋಡುವುದು ಹೇಗೆ ಅನ್ನುವುದೇ ಕೆಲಸ. ಅದಕ್ಕೆ ನಾನು ಮಕ್ಕಳ ಬದುಕನ್ನು ಬಿಟ್ಟು ಕಾಗದ, ನೀರು, ದಾರಿ ಇವುಗಳಿಂದ ಶುರು ಮಾಡುತ್ತೇನೆ.

ಮೀಸಲಾತಿಯ ಜಗಳದಿಂದಲೇ ಹೊರಡೋಣ. ಜಗಳ ಆಡುವ ಹುಡುಗನನ್ನು ಬಾಯಿ ಮುಚ್ಚಿಸಬೇಡಿ. ಅವನ ಕೈಗೆ ಇತಿಹಾಸ ಕೊಡಿ. ಅಂಬೇಡ್ಕರ್ ಸಂವಿಧಾನದಲ್ಲಿ ಬರೆದ ಮೇಲೆ ಮೀಸಲಾತಿ ಬಂತು ಅಂತ ಬಹಳ ಮಕ್ಕಳು ನಂಬಿದ್ದಾರೆ. ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದ ನೌಕರಿಯಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಇಟ್ಟದ್ದು 1902ರಲ್ಲಿ. ಕೊಲ್ಹಾಪುರ ನಿಮಗೆ ದೂರದ ಊರೇನಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ಆ ಸಮಿತಿಯ ಲೆಕ್ಕದಲ್ಲಿ ಹಿಂದುಳಿದವರು ಅಂದರೆ ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರೂ. ಲಿಂಗಾಯತರೂ ಒಕ್ಕಲಿಗರೂ ಅದರಲ್ಲಿದ್ದರು. ಈ ಒಂದು ಮಾತನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ಐದು ನಿಮಿಷ ಬಿಡಿ. ಜಗಳದ ಧಾಟಿ ತಾನಾಗಿ ಬದಲಾಗುತ್ತದೆ.

ಆಮೇಲೆ ಒಂದು ಮನೆಗೆಲಸ ಕೊಡಿ. ನಾನು ವರ್ಷಾ ವರ್ಷ ಕೊಡುತ್ತಿದ್ದದ್ದು. ಮನೆಗೆ ಹೋಗಿ ಅಜ್ಜ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಬೇಕು: ನಮ್ಮ ಹೊಲ ನಮಗೆ ಹೇಗೆ ಬಂತು? ಹೊಲ ಇಲ್ಲದಿದ್ದರೆ, ಯಾಕಿಲ್ಲ? ಉತ್ತರವನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಯಾರಿಗೂ ತೋರಿಸಬೇಕಾಗಿಲ್ಲ, ಓದಿ ಹೇಳಬೇಕಾಗಿಲ್ಲ, ಇದಕ್ಕೆ ಮಾರ್ಕ್ಸೂ ಇಲ್ಲ. ಈ ಷರತ್ತು ಮುಖ್ಯ.

ಮುಂದಿನ ಕ್ಲಾಸಿನಲ್ಲಿ ನೀವು ಭೂ ಸುಧಾರಣೆಯ ಪಾಠ ಮಾಡಿ. ಉಳುವವನಿಗೇ ಹೊಲ ಅಂತ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ದೇವರಾಜ ಅರಸು ಅವರ ಕಾಲದ್ದು. ಗೇಣಿಗೆ, ನಿಮ್ಮ ಕಡೆಯ ಮಾತಿನಲ್ಲಿ ಲಾವಣಿಗೆ, ಉಳುತ್ತಿದ್ದವರು ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಎಷ್ಟೋ ಮನೆಗಳಿಗೆ ಹೊಲ ಬಂದದ್ದು ಆ ಫಾರಮ್ಮಿನಿಂದ. ಆ ಹೊಲದ ಜೋಳ, ಹತ್ತಿ, ಮೆಣಸಿನಕಾಯಿಯಲ್ಲಿ ಮಕ್ಕಳು ಓದಿದರು. ಹಾಗಾದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಬಂತು? ಗೇಣಿದಾರ ಅಂತ ಅವರ ಹೆಸರು ಎಲ್ಲೂ ಇರಲಿಲ್ಲ. ಏಳನೇ ನಂಬರ್ ಫಾರಂ ಅವರ ಮನೆ ಬಾಗಿಲಿಗೆ ಬರಲೇ ಇಲ್ಲ. ಸರ್ಕಾರ ದಲಿತರಿಗೆ ಬೇರೆಯಾಗಿ ಕೊಟ್ಟ ಜಮೀನೂ ಪರರ ಪಾಲಾಗುತ್ತಿದ್ದದ್ದರಿಂದಲೇ 1978ರಲ್ಲಿ ಅಂಥ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ ಮಾಡಬೇಕಾಯಿತು.

ಈ ಪಾಠ ಮಾಡುವಾಗ ಮಕ್ಕಳ ಮುಖ ನೋಡಿ ಮೇಡಂ. ಕಾನೂನಿನ ಸಹಾಯ ಬೇರೆಯವರಿಗೆ ಮಾತ್ರ ಸಿಗುವುದು ಅಂದುಕೊಂಡಿದ್ದ ಹುಡುಗನ ನೋಟ್‌ಬುಕ್ಕಿನಲ್ಲಿ, ಅವನ ಕೈಬರಹದಲ್ಲೇ, ಅವನ ಅಜ್ಜನ ಕತೆ ಇರುತ್ತದೆ. ನೀವು ಅವನ ಕಡೆ ಬೆರಳು ತೋರಿಸಿಲ್ಲ. ಹಿಂದಿನ ಬೆಂಚಿನವರೂ ತಮ್ಮದನ್ನು ಬಿಚ್ಚಿ ಹೇಳಬೇಕಾಗಿ ಬಂದಿಲ್ಲ. ಒಂದು ವರ್ಷ ಹೀಗೇ ಪಾಠ ಮುಗಿದ ಮೇಲೆ, ಬಹಳ ವಾದ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿ ಬಂದು, “ಸರ್, ಆ ಮಂಡಳಿ ತೀರ್ಪಿನ ಕಾಪಿ ನಮ್ಮಜ್ಜಿ ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾಳೆ” ಅಂದ. ಅಜ್ಜಿ ಅದನ್ನು ದೀಪಾವಳಿಗೊಮ್ಮೆ ತೆಗೆದು ಪೂಜೆಗೆ ಇಡುತ್ತಾಳಂತೆ.

ಈಗ ಫೀಲ್ಡ್‌ವರ್ಕ್‌ಗೆ ಬರೋಣ. ನನ್ನ ಪ್ರಕಾರ ಈ ಪಾಠ ಜಾಸ್ತಿ ಆಗುವುದು ಅಲ್ಲೇ. ಘಟಕಕ್ಕೆ ನಿಮಗೆ ಸಿಗುವುದು ಎಂಟೋ ಹತ್ತೋ ಗಂಟೆ. ವಾರಕ್ಕೆ ಎರಡು ದಿನ ಮಕ್ಕಳು ಏಜೆನ್ಸಿಗಳಿಗೆ, ಅಂದರೆ ಅಂಗನವಾಡಿಯಂಥ ಕಡೆ ಕೆಲಸ ಕಲಿಯಲು, ಹೋಗುತ್ತಾರೆ, ರಿಪೋರ್ಟ್ ಬರೆಯುತ್ತಾರೆ, ನೀವು ಕೂರಿಸಿಕೊಂಡು ಕಾನ್ಫರೆನ್ಸ್ ಮಾಡುತ್ತೀರಿ. ಸುಮಾರು ಕಡೆ ಈ ರಿಪೋರ್ಟಿಗೆ ಟಿಕ್ ಹಾಕಿ ಸಹಿ ಮಾಡಿ ಬಿಡುತ್ತಾರೆ. ಹಾಗೆ ಮಾಡಿದರೆ ಬಂಗಾರದಂಥ ಅವಕಾಶ ಕೈಬಿಟ್ಟ ಹಾಗೆ.

ಒಂದು ರಿಪೋರ್ಟಿನ ಸಾಲು ಹೇಳುತ್ತೇನೆ. ಪಟ್ಟಣವೊಂದರ ಕೊಳಗೇರಿಯ ಅಂಗನವಾಡಿಗೆ ಹೋಗುತ್ತಿದ್ದ ವಿದ್ಯಾರ್ಥಿ ಬರೆದಿದ್ದ: “ಇಲ್ಲಿನ ತಾಯಂದಿರಿಗೆ ಶುಚಿತ್ವದ ಅರಿವು ಕಡಿಮೆ. ಮಕ್ಕಳು ಸ್ನಾನ ಮಾಡದೆ ಬರುತ್ತಾರೆ. ಜಾಗೃತಿ ಕಾರ್ಯಕ್ರಮದ ಅಗತ್ಯವಿದೆ.” ಒಳ್ಳೆಯ ಹುಡುಗ, ಕಾಳಜಿಯಿಂದಲೇ ಬರೆದಿದ್ದ. ನಾನು ಅದನ್ನು ಹೊಡೆದು ಹಾಕಲಿಲ್ಲ. ಪಕ್ಕದ ಅಂಚಿನಲ್ಲಿ ಮೂರು ಪ್ರಶ್ನೆ ಬರೆದೆ. ಕೊಳಾಯಿ ಎಷ್ಟು ದೂರ? ನೀರು ಯಾವಾಗ ಬರುತ್ತದೆ? ಬೆಳಿಗ್ಗೆ ಆ ತಾಯಂದಿರು ಎಲ್ಲಿರುತ್ತಾರೆ?

ಮುಂದಿನ ವಾರ ಬಂದ ರಿಪೋರ್ಟ್ ಹೀಗಿತ್ತು: “ನೀರು ಮೂರು ದಿನಕ್ಕೊಮ್ಮೆ, ರಾತ್ರಿ ಹನ್ನೊಂದರ ಮೇಲೆ. ಒಂದು ಕೊಳಾಯಿಗೆ ಇಪ್ಪತ್ತಾರು ಮನೆ. ಹೆಚ್ಚಿನ ತಾಯಂದಿರು ಪೌರಕಾರ್ಮಿಕರು, ನಸುಕಿನಲ್ಲೇ ರಸ್ತೆ ಗುಡಿಸಲು ಹೋಗುತ್ತಾರೆ. ಮಕ್ಕಳನ್ನು ರೆಡಿ ಮಾಡಿ ಅಂಗನವಾಡಿಗೆ ಕಳಿಸುವುದು ಅಕ್ಕ. ನಾನು ನೋಡಿದ ಅಕ್ಕನಿಗೆ ಒಂಬತ್ತು ವರ್ಷ.” ಕೆಳಗೆ ಒಂದು ಸಾಲು ಬಿಟ್ಟು ಬರೆದಿದ್ದ: “ಊರಿಗೆಲ್ಲ ಶುಚಿ ಮಾಡುವವರಿಗೆ ಶುಚಿತ್ವದ ಅರಿವಿಲ್ಲ ಅಂತ ಬರೆದಿದ್ದೆ.”

ಇಂಟರ್‌ಸೆಕ್ಷನಾಲಿಟಿ ಅಂತ ಪಠ್ಯದಲ್ಲಿ ಒಂದು ಪದ ಬರುತ್ತದಲ್ಲ, ಹಲವು ಬಗೆಯ ತಾರತಮ್ಯ ಒಬ್ಬರ ಮೇಲೇ ಒಟ್ಟಿಗೆ ಬೀಳುವುದು, ಅದಕ್ಕೆ ನಾನು ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿಲ್ಲ. ಜಾತಿಯಿಂದ ಬಂದ ಕೆಲಸ, ಹೆಣ್ಣಾಗಿದ್ದಕ್ಕೆ ಮನೆಯ ಕೆಲಸ, ಬಡವರ ಗಲ್ಲಿಯಾದ್ದರಿಂದ ರಾತ್ರಿ ಬರುವ ನೀರು. ಮೂರೂ ಸೇರಿ ಒಂಬತ್ತು ವರ್ಷದ ಹುಡುಗಿಯ ತಲೆ ಮೇಲೆ ಕೂತಿವೆ. ಇಷ್ಟು ಅರ್ಥವಾದ ಹುಡುಗ ಆಮೇಲೆ ಜಾಗೃತಿ ಕಾರ್ಯಕ್ರಮದ ಮಾತು ಎತ್ತಲಿಲ್ಲ. ನೀರು ಬಿಡುವ ಸಮಯ ಬದಲಿಸಿ ಅಂತ ಪುರಸಭೆಗೆ ಅರ್ಜಿ ಬರೆಯಲು ಆ ಗಲ್ಲಿಯ ಹೆಂಗಸರ ಜೊತೆ ಕೂತ.

ನೀವೂ ಹೀಗೆ ಮಾಡಿ. ರಿಪೋರ್ಟಿನಲ್ಲಿ ‘ಅರಿವಿಲ್ಲ’, ‘ಮುಗ್ಧರು’, ‘ಸೋಮಾರಿತನ’, ‘ಅವರ ಸಂಸ್ಕೃತಿಯೇ ಹಾಗೆ’ ಅನ್ನುವ ಮಾತು ಕಂಡಲ್ಲೆಲ್ಲ ನಿಂತು ಪ್ರಶ್ನೆ ಬರೆಯಿರಿ. ಸಿಟ್ಟಿಲ್ಲದೆ ಬರೆಯಿರಿ. ಲಂಬಾಣಿ ತಾಂಡಾದ ಮಗು ಅಂಗನವಾಡಿಯಲ್ಲಿ ಮಾತಾಡುವುದಿಲ್ಲ ಅಂತ ಬರೆದರೆ, ಮನೆಯಲ್ಲಿ ಅದು ಯಾವ ಭಾಷೆ ಆಡುತ್ತದೆ, ಅಲ್ಲಿನ ಶಿಕ್ಷಕಿಗೆ ಆ ಭಾಷೆ ಬರುತ್ತದಾ ಅಂತ ಕೇಳಿ.

ಶಿಬಿರದ ವಿಷಯ ಹೇಳದಿದ್ದರೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಗ್ರಾಮೀಣ ಶಿಬಿರಕ್ಕೆ ಹೋದಾಗ ಊರಿನ ನಕ್ಷೆ ಬಿಡಿಸುವ ಚಟುವಟಿಕೆ ಮಾಡಿಸುತ್ತೇವೆ ಅಲ್ವಾ, ರಂಗೋಲಿ ಪುಡಿ, ಕಾಳು, ಎಲೆ ಇಟ್ಟುಕೊಂಡು. ಒಂದು ಊರಿನಲ್ಲಿ ಹನುಮಪ್ಪನ ಗುಡಿಯ ಮುಂದೆ ಮಾಡಿಸಿದೆವು. ನಲವತ್ತು ಜನ ಸೇರಿದ್ದರು. ಕೆರೆ ಬಂತು, ಶಾಲೆ ಬಂತು, ಹಾಲಿನ ಡೇರಿ, ಸೊಸೈಟಿ, ಪಂಚಾಯ್ತಿ ಕಟ್ಟೆ, ಯಾರ ಮನೆ ಮುಂದೆ ಎಷ್ಟು ಟ್ರ್ಯಾಕ್ಟರ್ ಅನ್ನುವುದೂ ಬಂತು. ತುದಿಯಲ್ಲಿ ಒಂದು ಬೇವಿನ ಎಲೆ ಇಟ್ಟು ಬಿಟ್ಟಿದ್ದರು. ಅದೇನು ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. “ಅದು ಕೇರಿ ತಂಗಿ. ಅಲ್ಲೇನಿಲ್ಲ, ಬರೀ ಮನಿ ಅದಾವ” ಅಂದರು ಹಿರಿಯರು.

ಮರುದಿನ ಸಂಜೆ ಕೇರಿಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಮತ್ತೆ ನಕ್ಷೆ ಹಾಕಿಸಿದೆವು. ಅವರು ಶುರು ಮಾಡಿದ್ದೇ ಬೋರ್‌ವೆಲ್ಲಿನಿಂದ. ಆಮೇಲೆ ದಾರಿ. ಹೆಣ ಒಯ್ಯಲು ಯಾವ ದಾರಿ ಬಳಸಬಾರದು ಅನ್ನುವುದನ್ನು ಕೆಂಪು ಪುಡಿಯಲ್ಲಿ ಗೆರೆ ಎಳೆದು ತೋರಿಸಿದರು. ಮಸಣಕ್ಕೆ ಜಾಗ ಇಲ್ಲ ಅಂತ ಹಳ್ಳದ ದಂಡೆ ತೋರಿಸಿದರು. ಗಂಡಸರು ಕ್ಷೌರಕ್ಕೆ ತಾಲೂಕು ಪಟ್ಟಣಕ್ಕೆ ಹೋಗುತ್ತಾರೆ ಅಂತ ನಕ್ಷೆಯ ಆಚೆ, ಮಣ್ಣಿನ ಮೇಲೆ, ಒಂದು ಕಲ್ಲು ಇಟ್ಟರು. ಗುಡಿ ಮುಂದೆ ಹಾಕಿದ ನಕ್ಷೆಯಲ್ಲಿ ಊರಿನೊಳಗೇ ಕ್ಷೌರದ ಅಂಗಡಿ ಇತ್ತು.

ರಾತ್ರಿ ಎರಡೂ ನಕ್ಷೆಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಕ್ಕಪಕ್ಕ ಅಂಟಿಸಿದೆವು. ನಾನು ಯಾವ ಭಾಷಣವನ್ನೂ ಮಾಡಲಿಲ್ಲ. ಎರಡರಲ್ಲೂ ಇರುವುದು ಯಾವುದು, ಒಂದರಲ್ಲಿ ಮಾತ್ರ ಇರುವುದು ಯಾವುದು, ಪಟ್ಟಿ ಮಾಡಿ ಅಂದೆ. ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ, 1955ರ ನಾಗರಿಕ ಹಕ್ಕು ರಕ್ಷಣೆಯ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, ಮೂರನ್ನೂ ಆ ಪಟ್ಟಿಯ ಎದುರು ಇಟ್ಟುಕೊಂಡು ಓದಿದೆವು. ಪರೀಕ್ಷೆಗೆ ಬಾಯಿಪಾಠ ಮಾಡುವ ಕಾನೂನು ಆ ರಾತ್ರಿ ಬೇರೆ ಥರ ಕೇಳಿಸಿತು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ಬಿಸಿರಕ್ತದ ಮಕ್ಕಳು ಬೆಳಿಗ್ಗೆಯೇ ಪೊಲೀಸ್ ಠಾಣೆಗೆ ಹೋಗೋಣ ಅನ್ನುತ್ತಾರೆ. ಏಳು ದಿನಕ್ಕೆ ನಾವು ಬಸ್ ಹತ್ತಿ ಹೋಗುತ್ತೇವೆ. ಕೇರಿಯವರು ಅದೇ ಊರಿನಲ್ಲಿ, ಅದೇ ಹೊಲಗಳಲ್ಲಿ ಕೂಲಿ ಮಾಡಿಕೊಂಡು ಇರಬೇಕು. ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದು ಅವರ ತೀರ್ಮಾನ. ಆ ಊರಿನಲ್ಲಿ ಅವರು ಕೇಳಿದ್ದು ಮಸಣದ ಜಾಗ ಮಾತ್ರ. ತಹಶೀಲ್ದಾರರಿಗೆ ಅರ್ಜಿ ಬರೆದುಕೊಟ್ಟೆವು, ಶಿಬಿರ ಮುಗಿದ ಮೇಲೂ ಇಬ್ಬರು ವಿದ್ಯಾರ್ಥಿಗಳು ಅದರ ಬೆನ್ನು ಹತ್ತಿ ಓಡಾಡಿದರು. ಬೇರೆ ವಿಷಯ ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅದು ಸರಿಯೋ ತಪ್ಪೋ ಅಂತ ಮಕ್ಕಳು ಎರಡು ರಾತ್ರಿ ನನ್ನ ಜೊತೆ ವಾದ ಮಾಡಿದರು. ಆ ವಾದ ಬೇಕು. ಅದನ್ನು ನಿಲ್ಲಿಸಬೇಡಿ.

ಶಿಬಿರದ ಒಳಗಿನ ವ್ಯವಸ್ಥೆಯನ್ನೂ ನೋಡಿ. ಅಡುಗೆ ಯಾರು ಮಾಡುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ, ಯಾವಾಗಲೂ ಹುಡುಗಿಯರೇನಾ? ಸರ್ವೆಗೆ ಹೋದಾಗ ಊರೊಳಗಿನ ಮನೆಗಳಲ್ಲಿ ಚಹಾ ಕುಡಿದ ಮಕ್ಕಳು ಕೇರಿಯಲ್ಲಿ “ಈಗಷ್ಟೇ ಕುಡಿದು ಬಂದ್ವಿ” ಅನ್ನುತ್ತಾರಾ? ಇದಕ್ಕೆ ಉಪದೇಶ ಬೇಡ. ಮೊದಲ ದಿನ ನೀವೇ ಅಲ್ಲಿ ಕೂತು ಚಹಾ ಕುಡಿಯಿರಿ, ಸಮಾಧಾನವಾಗಿ, ಫೋಟೊ ತೆಗೆಸಿಕೊಳ್ಳದೆ.

ಅಂಗವೈಕಲ್ಯದ ಪಾಠಕ್ಕೆ ಸುಮಾರು ಕಡೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತಾರೆ. ಹತ್ತು ನಿಮಿಷ ಕಣ್ಣು ಕಟ್ಟಿಕೊಂಡವರಿಗೆ ಹೆದರಿಕೆ ಮಾತ್ರ ಗೊತ್ತಾಗುತ್ತದೆ. ಹುಟ್ಟಿನಿಂದ ಕುರುಡರಾದವರು ಕಲಿತಿರುವ ಚಾಕಚಕ್ಯತೆ ಗೊತ್ತಾಗುವುದಿಲ್ಲ. ಅದರ ಬದಲು ಒಂದು ಕಾಗದದ ಹಿಂದೆ ಕಳಿಸಿ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆ. ಸರಿ, ಹಳ್ಳಿಯ ಒಬ್ಬರು ಆ ಕಾರ್ಡ್ ಮಾಡಿಸಲು ಒಪ್ಪಿದರೆ ಅವರ ಜೊತೆ ಒಬ್ಬ ವಿದ್ಯಾರ್ಥಿ ಜಿಲ್ಲಾಸ್ಪತ್ರೆಗೆ ಹೋಗಿ ಬರಲಿ. ಎಷ್ಟು ಬಸ್, ಎಷ್ಟು ಮೆಟ್ಟಿಲು, ಎಷ್ಟು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿ ಎಷ್ಟು, ಶೌಚಾಲಯ ಎಲ್ಲಿತ್ತು, ಬರೆದುಕೊಂಡು ಬರಲಿ.

ಅತಿಥಿಗಳನ್ನು ಕರೆಸುವುದಾದರೆ ಅವರ ನೋವಿನ ಕತೆಗಾಗಿ ಕರೆಸಬೇಡಿ. ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಯಲ್ಲಿ ಕೆಲಸ ಮಾಡುವವರು ಬಂದರೆ, ತೃತೀಯ ಲಿಂಗಿಗಳನ್ನು ಕಾನೂನಿನಲ್ಲಿ ಗುರುತಿಸಿದ 2014ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪಿನ ನಂತರ ಗುರುತಿನ ಚೀಟಿ ಮಾಡಿಸುವುದು ಹೇಗೆ, 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಕೊಟ್ಟ ಶೇ. 1ರ ಮೀಸಲಾತಿಗೆ ಅರ್ಜಿ ಹಾಕಿದವರಿಗೆ ಎಲ್ಲಿ ತೊಡಕಾಗುತ್ತದೆ, ಇದನ್ನು ಕೇಳಿ. ಅವರು ಈ ಕೆಲಸ ಬಲ್ಲವರು. ವಕೀಲರನ್ನೋ ಪ್ರೊಫೆಸರರನ್ನೋ ಕರೆಸಿದಾಗ ಎಷ್ಟು ಗೌರವಧನ ಕೊಡುತ್ತೀರೋ ಅಷ್ಟೇ ಕೊಡಿ.

ಕೊನೆಗೆ ನಿಮ್ಮ ಬಗ್ಗೆ. ನೀವು ಅತಿಥಿ ಉಪನ್ಯಾಸಕಿ. “ಮೇಡಂ ಕ್ಲಾಸಿನಲ್ಲಿ ಜಾತಿ ಎಳೆದು ತರ್ತಾರೆ” ಅಂತ ಒಂದು ದೂರು ಹೋದರೆ ಮುಂದಿನ ವರ್ಷದ ಕೆಲಸಕ್ಕೆ ಕುತ್ತು ಬರಬಹುದು ಅನ್ನುವುದು ನನಗೆ ಗೊತ್ತು. ಅದಕ್ಕೆ ಪ್ರತಿ ಪಾಠದ ಯೋಜನೆಯನ್ನೂ ಬರೆದು ವಿಭಾಗದ ಮುಖ್ಯಸ್ಥರಿಗೆ ಮುಂಚೆಯೇ ಕೊಡಿ. ಘಟಕದ ಯಾವ ಸಾಲಿಗೆ ಯಾವ ಚಟುವಟಿಕೆ ಅಂತ ನಮೂದಿಸಿ. 2014ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಒಪ್ಪಿದ ಸಮಾಜಕಾರ್ಯದ ವ್ಯಾಖ್ಯೆಯಲ್ಲೇ ಸಾಮಾಜಿಕ ನ್ಯಾಯ, ಮಾನವ ಹಕ್ಕು, ವೈವಿಧ್ಯಕ್ಕೆ ಗೌರವ ಅನ್ನುವ ಮಾತುಗಳಿವೆ. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಕ್ಕಿಂತ ಮೊದಲು ಬರುವುದು ನ್ಯಾಯ. ಅದರಲ್ಲೂ ಮೊದಲು ಸಾಮಾಜಿಕ ನ್ಯಾಯ. ಈ ಎರಡನ್ನೂ ಯೋಜನೆಯ ಮೊದಲ ಪುಟದಲ್ಲಿ ಬರೆದಿಡಿ. ಯಾರಾದರೂ ಕೇಳಿದರೆ ಆ ಪುಟ ತೋರಿಸಿ.

ಆ ಹುಡುಗಿ ಕ್ಲಾಸಿಗೆ ಮರಳಿ ಬಂದ ದಿನ ಎಲ್ಲರೆದುರು ಅವಳನ್ನು ಸ್ವಾಗತಿಸಬೇಡಿ. ಹಾಜರಿ ಕರೆಯುವಾಗ ಅವಳ ಹೆಸರು ಬಂದಾಗ ಕರೆಯಿರಿ, ಟಿಕ್ ಹಾಕಿ, ಮುಂದಿನ ಹೆಸರಿಗೆ ಹೋಗಿ.